ಹತ್ತು ಲಕ್ಷ ಚೌಕಗಳ ನಕ್ಷೆ ತೊಡಕಿಲ್ಲದೆ ಓಡಬೇಕೆ?

ಡೊಂಬಿವಲಿ, ಠಾಣೆ, ನವಿ ಮುಂಬಯಿ ಕಡೆ ಕಂಪ್ಯೂಟರ್ ಓದುವ ಕನ್ನಡದ ಮಕ್ಕಳು ಎಷ್ಟೋ ಮಂದಿ ಇದ್ದಾರೆ. ಅವರ ಪ್ರಾಜೆಕ್ಟ್‌ಗೆ ಒದಗುವಂಥ ವಿಷಯ ನಮ್ಮ ಊರಿನಲ್ಲೇ ಇದೆ. ಮುಂಬಯಿ ಒಂದು ಕಾಲಕ್ಕೆ ಏಳು ದ್ವೀಪ: ಕೊಲಾಬಾ, ಚಿಕ್ಕ ಕೊಲಾಬಾ, ಮುಂಬಯಿ, ಮಝಗಾಂವ್, ಪರೇಲ್, ವರ್ಲಿ, ಮಾಹಿಮ್. ನಡುವಿನ ನೀರನ್ನು ತುಂಬಿ ತುಂಬಿ ಒಂದೇ ನೆಲ ಮಾಡಿದರು. ಇದನ್ನು ಡೆಸ್ಕ್‌ಟಾಪ್ ಪ್ರೋಗ್ರಾಂ ಆಗಿ ಬರೆಯೋಣ. ಪರದೆ ತುಂಬ ಚೌಕಗಳು. ಸಮುದ್ರದ ಚೌಕದ ಮೇಲೆ ಕ್ಲಿಕ್ ಮಾಡಿದರೆ ಅದು ನೆಲವಾಗಬೇಕು.

ಒಂದು ಚೌಕಕ್ಕೆ 20 ಮೀಟರ್ ಅಂತ ಹಿಡಿಯಿರಿ. 1000 ಸಾಲು, 1000 ಕಾಲಂ ಹಾಕಿದರೆ 20 ಕಿ.ಮೀ. ಉದ್ದ, ಅಷ್ಟೇ ಅಗಲ. ಕೊಲಾಬಾದಿಂದ ಮಾಹಿಮ್‌ವರೆಗೆ ಆರಾಮವಾಗಿ ಹಿಡಿಸುತ್ತದೆ. ಒಟ್ಟು 10 ಲಕ್ಷ ಚೌಕ.

ಮೊದಲು: ಬಟನ್ ಬೇಡ, ಸಂಖ್ಯೆ ಸಾಕು

ಲೂಪ್ ಹಾಕಿ ಚೌಕಕ್ಕೊಂದು ಬಟನ್ ಇಡೋಣ ಅಂತ ಯಾರಿಗಾದರೂ ಅನ್ನಿಸುತ್ತದೆ. ಮೈನ್‌ಸ್ವೀಪರ್ ಆಟದ ಎಕ್ಸ್‌ಪರ್ಟ್ ಹಂತದಲ್ಲಿ 30 ಕಾಲಂ, 16 ಸಾಲು, ಅಂದರೆ 480 ಚೌಕ. ಅಷ್ಟಕ್ಕೆ ಬಟನ್ ನಡೆಯುತ್ತದೆ. 10 ಲಕ್ಷಕ್ಕೆ ನಡೆಯುವುದಿಲ್ಲ. ಪ್ರತಿ ಬಟನ್ನೂ ತನ್ನ ಅಳತೆ, ಫಾಂಟ್, ಫೋಕಸ್, ಈವೆಂಟ್ ಎಲ್ಲವನ್ನೂ ಹೊತ್ತುಕೊಂಡೇ ಬರುತ್ತದೆ. ವಿಂಡೋಸ್‌ನಲ್ಲಂತೂ ಮಿತಿಯೇ ಇದೆ. ಬದಲಾಯಿಸದಿದ್ದರೆ ಒಂದು ಪ್ರೋಗ್ರಾಂಗೆ 10,000 ಯೂಸರ್ ಹ್ಯಾಂಡಲ್ (ವಿಂಡೋ, ಬಟನ್‌ಗಳಂಥವಕ್ಕೆ ವಿಂಡೋಸ್ ಕೊಡುವ ಗುರುತು) ಮಾತ್ರ. ವಿಂಡೋ, ಬಟನ್ ಮಾಡಲು ಬಳಸುವ ಟಿಕಿಂಟರ್ (ಪೈಥಾನ್), ವಿನ್‌ಫಾರ್ಮ್ಸ್ (ಡಾಟ್‌ನೆಟ್) ಎರಡರಲ್ಲೂ ಬಟನ್‌ಗೊಂದು ಹ್ಯಾಂಡಲ್ ಬೇಕು. 100×100 ಹಾಕುವಷ್ಟರಲ್ಲಿ ಖಾಲಿ!

ಹಾಗಾಗಿ ಚೌಕವನ್ನು ಬರೀ ಒಂದು ಸಂಖ್ಯೆಯಾಗಿ ಇಟ್ಟುಕೊಳ್ಳಿ. 0 ಸಮುದ್ರ, 1 ನೆಲ, 2 ಕೆಸರು. ಚೌಕಕ್ಕೆ 1 ಬೈಟ್ ಆದರೆ ಇಡೀ ನಕ್ಷೆ ಸುಮಾರು 1 ಎಂಬಿ. ಯಾವ ಚೌಕ ಎಲ್ಲಿದೆ ಎಂದು ತಿಳಿಯಲು ಸಾಲನ್ನು 1000ದಿಂದ ಗುಣಿಸಿ ಕಾಲಂ ಕೂಡಿಸಿ. ಸಾಲು, ಕಾಲಂ ಎರಡನ್ನೂ 0ಯಿಂದ ಎಣಿಸಬೇಕು. ಈ ಅರೇಗೂ (ಸಂಖ್ಯೆಗಳ ಪಟ್ಟಿಗೂ) ಪರದೆಗೂ ಸಂಬಂಧ ಇಡಬೇಡಿ. ಆಗ ಫೈಲ್‌ಗೆ ಉಳಿಸುವುದು, ಅನ್‌ಡು ಕೊಡುವುದು ಸಲೀಸು.

ಆಮೇಲೆ: ಕಾಣುವಷ್ಟನ್ನೇ ಬಿಡಿಸಿ

ಈಗ ಒಂದೇ ಒಂದು ಖಾಲಿ ವಿಜೆಟ್ (ವಿಂಡೋದೊಳಗಿನ ಒಂದು ಭಾಗ) ತಗೊಳ್ಳಿ. ಕ್ಯುಟಿಯಲ್ಲಿ ಅದರ ಪೇಂಟ್‌ಈವೆಂಟ್, ಜಾವಾ ಸ್ವಿಂಗ್‌ನಲ್ಲಿ ಜೆಪ್ಯಾನಲ್‌ನ ಪೇಂಟ್‌ಕಾಂಪೊನೆಂಟ್ ಎಂಬ ಬಿಡಿಸುವ ಫಂಕ್ಷನ್ ನೀವೇ ಬರೆಯಬೇಕು. ಚೌಕ 32 ಪಿಕ್ಸೆಲ್, ಪರದೆ 1920×1080 ಇರಲಿ. ಅಂಚಿನಲ್ಲಿ ಅರ್ಧಂಬರ್ಧ ಕಾಣುವವನ್ನು ಸೇರಿಸಿದರೂ ಹೆಚ್ಚೆಂದರೆ 61 ಕಾಲಂ, 35 ಸಾಲು. ಅಂದರೆ 2,135 ಚೌಕ. 10 ಲಕ್ಷ ಎಲ್ಲಿ, 2,135 ಎಲ್ಲಿ! ನಕ್ಷೆಗೆ ಪುಣೆಯನ್ನೂ ಸೇರಿಸಿ, ಬಿಡಿಸುವ ಕೆಲಸ ಅಷ್ಟೇ ಇರುತ್ತದೆ. ನನಗಂತೂ ಇಡೀ ವಿಷಯದಲ್ಲಿ ಬಹಳ ಚೆಂದ ಕಾಣುವುದು ಇದೇ.

ಸ್ಕ್ರೋಲ್ ಎಷ್ಟು ಪಿಕ್ಸೆಲ್ ಸರಿದಿದೆಯೋ ಅದನ್ನು 32ರಿಂದ ಭಾಗಿಸಿ, ಶೇಷ ಬಿಟ್ಟುಬಿಡಿ. ಅದು ಮೊದಲ ಕಾಲಂ. ಸ್ಕ್ರೋಲ್‌ಗೆ ವಿಜೆಟ್‌ನ ಅಗಲ ಕೂಡಿಸಿ, 1 ಕಳೆದು ಭಾಗಿಸಿದರೆ ಕೊನೆಯ ಕಾಲಂ. ಸಾಲಿಗೂ ಇದೇ ಲೆಕ್ಕ. ನಕ್ಷೆಯ ಅಂಚು ದಾಟದಂತೆ ನೋಡಿಕೊಳ್ಳಿ.

ಟಿಕಿಂಟರ್‌ನ ಕ್ಯಾನ್ವಾಸ್ ಮಾತ್ರ ಬೇರೆ ಥರ. ನೀವು ಹಾಕಿದ ಪ್ರತಿ ಆಯತವನ್ನೂ ಅದು ನೆನಪಿಟ್ಟುಕೊಳ್ಳುತ್ತದೆ. ಅಲ್ಲಿ 2,135 ಆಯತಗಳನ್ನು ಒಮ್ಮೆ ಮಾಡಿಟ್ಟು, ಸ್ಕ್ರೋಲ್ ಆದಾಗ ಅವುಗಳ ಜಾಗ, ಬಣ್ಣ ಮಾತ್ರ ಬದಲಿಸಿ.

ಒಂದು ಚೌಕ ಬದಲಾದರೆ ಇಡೀ ಪರದೆ ಯಾಕೆ ಬಿಡಿಸಬೇಕು ಅಲ್ವಾ? ಕ್ಯುಟಿಯ ಅಪ್‌ಡೇಟ್‌ಗೆ, ಸ್ವಿಂಗ್‌ನ ರಿಪೇಂಟ್‌ಗೆ ಆ 32×32 ಜಾಗವನ್ನಷ್ಟೇ ಕೊಡಿ. ಬಿಡಿಸುವ ಫಂಕ್ಷನ್ ಕೂಡ ತನಗೆ ಬಂದ ಜಾಗಕ್ಕೆ ಮಾತ್ರ ಲೂಪ್ ಓಡಿಸಬೇಕು. ಸೆಕೆಂಡಿಗೆ 60 ಫ್ರೇಮ್ ಬೇಕೆಂದರೆ ಒಂದು ಫ್ರೇಮ್‌ಗೆ ಸಿಗುವುದು 16.7 ಮಿಲಿಸೆಕೆಂಡ್. ಆ ಹೊತ್ತಿನಲ್ಲಿ ಚಿತ್ರದ ಫೈಲ್ ಓದುವುದು, ಹಿಗ್ಗಿಸಿ ಕುಗ್ಗಿಸುವುದು ಬೇಡವೇ ಬೇಡ. ಅವನ್ನು ಶುರುವಿನಲ್ಲೇ ಮಾಡಿಡಿ.

ಮೌಸ್ ಮತ್ತು ಒಡ್ಡು

ಕ್ಲಿಕ್ ಆದದ್ದು ಯಾವ ಚೌಕ ಎಂದು ಹುಡುಕಬೇಕಿಲ್ಲ. ಮೌಸ್ ಇರುವ ಜಾಗಕ್ಕೆ ಸ್ಕ್ರೋಲ್ ಕೂಡಿಸಿ 32ರಿಂದ ಭಾಗಿಸಿದರೆ ಮುಗಿಯಿತು. ಸೊನ್ನೆಗಿಂತ ಕೆಳಗಿನ ಸಂಖ್ಯೆ ಬಂದಾಗ ಹುಷಾರು. ಪೈಥಾನ್‌ನಲ್ಲಿ ಎರಡು ಗೀಟಿನ ಭಾಗಾಕಾರ (//) ಹಾಕಿದರೆ -5ಕ್ಕೆ -1 ಬರುತ್ತದೆ. ಜಾವಾ, ಸಿ ಭಾಷೆಗಳಲ್ಲಿ 0 ಬರುತ್ತದೆ, ನಕ್ಷೆಯ ಹೊರಗಿನ ಕ್ಲಿಕ್ ಮೊದಲ ಚೌಕಕ್ಕೆ ಬೀಳುತ್ತದೆ. ಭಾಗಿಸುವ ಮೊದಲೇ ಪರೀಕ್ಷಿಸಿ.

ಈಗ ಮಹಾಲಕ್ಷ್ಮಿಯಿಂದ ವರ್ಲಿಗೆ ಒಡ್ಡು ಎಳೆಯಿರಿ. 18ನೇ ಶತಮಾನದಲ್ಲಿ ಹಾರ್ನ್‌ಬಿ ವೆಲ್ಲಾರ್ಡ್ ಕಟ್ಟಿ ಸಮುದ್ರವನ್ನು ತಡೆದ ಜಾಗ ಅದು. ಕೈ ಬೇಗ ಓಡಿದರೆ ಒಡ್ಡಿನಲ್ಲಿ ತೂತು ಬೀಳುತ್ತದೆ, ಯಾಕೆಂದರೆ ಮೌಸ್ ದಾಟಿದ ಪ್ರತಿ ಪಿಕ್ಸೆಲ್‌ನ ಸುದ್ದಿ ಪ್ರೋಗ್ರಾಂಗೆ ಬರುವುದಿಲ್ಲ. ಹಿಂದಿನ ಚೌಕದಿಂದ ಈಗಿನ ಚೌಕಕ್ಕೆ ಗೆರೆ ಎಳೆದು ನಡುವಿನವನ್ನೂ ತುಂಬಬೇಕು. ಅದಕ್ಕೆ ಬ್ರೆಸೆನ್‌ಹ್ಯಾಮ್ ವಿಧಾನ ಇದೆ. ಐಬಿಎಂನಲ್ಲಿದ್ದ ಜ್ಯಾಕ್ ಬ್ರೆಸೆನ್‌ಹ್ಯಾಮ್ 1962ರಲ್ಲಿ ರೂಪಿಸಿದ್ದು, 1965ರಲ್ಲಿ ಅಚ್ಚಾಯಿತು. ಕೂಡುವ ಕಳೆಯುವ ಲೆಕ್ಕವಷ್ಟೇ, ಇವತ್ತಿಗೂ ಸರಿಯಾಗಿ ಒದಗುತ್ತದೆ.

ಒಡ್ಡಿನ ಒಳಗೆ ಉಳಿದ ನೀರನ್ನು ಒಂದೇ ಕ್ಲಿಕ್‌ನಲ್ಲಿ ತುಂಬುವುದಕ್ಕೆ ಫ್ಲಡ್ ಫಿಲ್ ಬೇಕು, ಅಂದರೆ ಒಂದು ಚೌಕದಿಂದ ಪಕ್ಕದ ಚೌಕಗಳಿಗೆ ಹರಡುತ್ತ ತುಂಬುವ ವಿಧಾನ. ಸುಮ್ನೆ ರಿಕರ್ಶನ್ (ಫಂಕ್ಷನ್ ತನ್ನನ್ನೇ ಮತ್ತೆ ಕರೆಯುವುದು) ಬರೆದರೆ ಪೈಥಾನ್ ಸಾಮಾನ್ಯವಾಗಿ 1000 ಹಂತಕ್ಕೆ ನಿಲ್ಲಿಸಿಬಿಡುತ್ತದೆ. ಕ್ಯೂ (ಸರದಿ ಪಟ್ಟಿ) ಬಳಸಿ, ಚೌಕವನ್ನು ಕ್ಯೂಗೆ ಹಾಕುವಾಗಲೇ ಗುರುತು ಮಾಡಿ. ಇಲ್ಲದಿದ್ದರೆ ಒಂದೇ ಚೌಕ ಹಲವು ಸಲ ಸೇರಿಕೊಳ್ಳುತ್ತದೆ. ನೋಡುವುದು ನಾಲ್ಕು ದಿಕ್ಕು ಮಾತ್ರ. ಬ್ರೆಸೆನ್‌ಹ್ಯಾಮ್ ಗೆರೆ ಓರೆಯಾಗಿ ಹೋಗುವಲ್ಲಿ ಚೌಕಗಳು ಮೂಲೆಗೆ ಮೂಲೆ ತಾಗಿರುತ್ತವೆ. ಎಂಟು ದಿಕ್ಕು ನೋಡಿದರೆ ಆ ಮೂಲೆಯಿಂದ ನುಸುಳಿ, ನಕ್ಷೆಯಲ್ಲಿರುವ ಅರಬ್ಬೀ ಸಮುದ್ರವೆಲ್ಲ ನೆಲವಾಗಿಬಿಡುತ್ತದೆ.

ಕೀಬೋರ್ಡ್ ಮರೆಯಬೇಡಿ

ಬಟನ್ ತೆಗೆದಾಗ ಅವುಗಳ ಜೊತೆ ಪುಕ್ಕಟೆ ಬರುತ್ತಿದ್ದ ಟ್ಯಾಬ್, ಸ್ಪೇಸ್‌ಬಾರ್, ಸ್ಕ್ರೀನ್ ರೀಡರ್ ಬೆಂಬಲವೂ ಹೋಗುತ್ತದೆ. ಮೌಸ್ ಹಿಡಿಯಲಾಗದವರು, ಕಣ್ಣು ಕಾಣದವರು ಇದರಿಂದ ಹೊರಗುಳಿಯಬಾರದು. ವಿಜೆಟ್ ಫೋಕಸ್ ಪಡೆಯುವಂತೆ ಮಾಡಿ. ‘ಈಗಿನ ಚೌಕ’ ಎಂದು ಒಂದನ್ನು ಇಟ್ಟುಕೊಳ್ಳಿ. ಬಾಣದ ಕೀಗಳಿಂದ ಅದು ಸರಿಯಲಿ, ಸ್ಪೇಸ್‌ಬಾರ್ ಕ್ಲಿಕ್‌ನ ಕೆಲಸ ಮಾಡಲಿ, ಅದು ಪರದೆ ದಾಟಿದರೆ ನಕ್ಷೆಯೂ ಜೊತೆಗೆ ಸ್ಕ್ರೋಲ್ ಆಗಲಿ. ಸಾಲು, ಕಾಲಂ, ನೆಲವೋ ನೀರೋ ಎಂಬುದನ್ನು ಕೆಳಗಿನ ಸ್ಟೇಟಸ್ ಪಟ್ಟಿಯಲ್ಲಿ ಅಕ್ಷರದಲ್ಲಿ ತೋರಿಸಿ. ಅದೇ ಮಾಹಿತಿಯನ್ನು ಸ್ಕ್ರೀನ್ ರೀಡರ್‌ಗೂ ತಲುಪಿಸಿ. ಕ್ಯುಟಿ, ಸ್ವಿಂಗ್ ಎರಡರಲ್ಲೂ ಅದಕ್ಕೆ ದಾರಿ ಇದೆ.