ಸಂಡೂರಿನ ಗಣಿಯಲ್ಲಿ ಓಬಿ ಕಾಂಟ್ರಾಕ್ಟ್ ರದ್ದುಪಡಿಸಿ ಉಳಿಸಿಕೊಂಡ ಬಗೆ: ನನ್ನ ಅನುಭವ

ಸಂಡೂರು ಭಾಗದ ಮಧ್ಯಮ ಗಾತ್ರದ ಕಬ್ಬಿಣದ ಅದಿರಿನ ಗಣಿಯೊಂದರಲ್ಲಿ ಓಬಿ, ಅಂದರೆ ಮೇಲ್ಮಣ್ಣು ತೆಗೆಯುವ ಕಾಂಟ್ರಾಕ್ಟನ್ನು ಅವಧಿಗೆ ಮೊದಲೇ ರದ್ದುಪಡಿಸಿ, ಆರ್ಬಿಟ್ರೇಟರ, ಅಂದರೆ ಮಧ್ಯಸ್ಥಗಾರರ ಮುಂದೆಯೂ ಆ ರದ್ದತಿಯನ್ನು ಉಳಿಸಿಕೊಂಡೆವು. ಕಾಂಟ್ರಾಕ್ಟರರು ಯಂತ್ರಗಳನ್ನು ಗಣಿಯಲ್ಲೇ ನಿಲ್ಲಿಸಿ ತಡೆಯಾಜ್ಞೆ ತರುತ್ತಾರೆ, ಎರಡು ವರ್ಷ ಅದಿರಿನ ಮುಖ ಕಾಣುವುದಿಲ್ಲ ಎಂದು ಹೊಸಪೇಟೆಯ ಹಿರಿಯರು ಎಚ್ಚರಿಸಿದ್ದರು. ಆ ಮಾತಿಗೆ ಆಧಾರವಿತ್ತು. ಹಿಂದಿನ ಕಾಂಟ್ರಾಕ್ಟಿನಲ್ಲಿ ಕಳಿಸಿದ ರದ್ದತಿ ನೋಟಿಸು ನಿಂತಿರಲಿಲ್ಲ; ಕೊರತೆಯ ಕೆಲಸವನ್ನೇ ಒಪ್ಪಿಕೊಂಡು ತಿಂಗಳು ತಿಂಗಳೂ ಬಿಲ್ಲು ಕೊಟ್ಟಿದ್ದೀರಿ, ಹಾಗಾಗಿ ಗುರಿಯನ್ನು ನೀವೇ ಸಡಿಲಿಸಿದ್ದೀರಿ ಎಂಬ ವಾದದ ಎದುರು ಸುಮಾರು ನಲವತ್ತು ಲಕ್ಷ ಕೊಟ್ಟು ರಾಜಿಯಾಗಬೇಕಾಯಿತು.

1872ರ ಕರಾರು ಕಾಯ್ದೆಯ 55ನೇ ಕಲಮನ್ನು ಎಲ್ಲರೂ ಓದಿರುತ್ತಾರೆ, ಅದರ ಕೊನೆಯ ಭಾಗವನ್ನು ಮಾತ್ರ ಬಳಸುವುದಿಲ್ಲ. ತಡವಾದ ಕೆಲಸವನ್ನು ಸ್ವೀಕರಿಸುವಾಗಲೇ ಪರಿಹಾರ ಕೇಳುವ ಉದ್ದೇಶವನ್ನು ತಿಳಿಸದಿದ್ದರೆ ಆ ಹಕ್ಕು ಕೈಬಿಟ್ಟು ಹೋಗುತ್ತದೆ. ಆದ್ದರಿಂದ ಈ ಬಾರಿ ಪ್ರತಿ ಬಿಲ್ಲಿನ ಜೊತೆಗೆ ಒಂದು ಪುಟದ ಪತ್ರ ಹೋಗುತ್ತಿತ್ತು: ಈ ತಿಂಗಳ ಗುರಿ ಇಷ್ಟು, ಆದದ್ದು ಇಷ್ಟು, ಈ ಪಾವತಿಯಿಂದ ನಮ್ಮ ಹಕ್ಕನ್ನು ಬಿಟ್ಟುಕೊಟ್ಟಂತಲ್ಲ. ಗುರಿ ತಿಂಗಳಿಗೆ ತೊಂಬತ್ತು ಸಾವಿರ ಘನ ಮೀಟರಿನ ಆಸುಪಾಸು, ಆಗುತ್ತಿದ್ದದ್ದು ಐವತ್ತೈದರಿಂದ ಅರವತ್ತು ಸಾವಿರ. ಮಳೆಗಾಲದ ಗುರಿಯನ್ನು ಮೊದಲೇ ತಗ್ಗಿಸಿದ್ದೆವು.

ಜಗಳವೆಲ್ಲ ಅಳತೆಯದು. ಕಾಂಟ್ರಾಕ್ಟರರು ಟಿಪ್ಪರಿನ ಟ್ರಿಪ್ಪಿಗೆ 16 ಘನ ಮೀಟರ್ ಲೆಕ್ಕ ಹಿಡಿಯುತ್ತಿದ್ದರು; ಅದು ಸಡಿಲ ಮಣ್ಣು, ಅಗೆಯುವ ಮೊದಲು ಬೆಂಚಿನಲ್ಲಿ, ಅಂದರೆ ಗಣಿಯ ಮೆಟ್ಟಿಲಿನಲ್ಲಿ ಇದ್ದಾಗ ಸುಮಾರು ಹನ್ನೆರಡು. ಎರಡೂ ಕಡೆಯ ಸರ್ವೇಯರುಗಳು ಟೋಟಲ್ ಸ್ಟೇಷನ್ ಎಂಬ ಸರ್ವೇ ಉಪಕರಣ ಇಟ್ಟು ಜಂಟಿಯಾಗಿ ಅಳೆದು ಸಹಿ ಹಾಕಿದ ಹಾಳೆಯಿಲ್ಲದೆ ಬಿಲ್ಲು ಮುಂದೆ ಹೋಗದಂತೆ ಮಾಡಿದೆ. ಅಳತೆಗೆ ಡ್ರೋನನ್ನೂ ಕೆಲವು ತಿಂಗಳು ಹಾರಿಸಿ ನೋಡಿದೆ. ಬೆಂಚುಗಳಲ್ಲಿ ಎರಡು ಮೂರು ಶೇಕಡಾ ವ್ಯತ್ಯಾಸ, ತೆಗೆದ ಮಣ್ಣು ಸುರಿದು ಗಿಡ ಬೆಳೆದ ಡಂಪಿನ ಮೇಲೆ ಅದಕ್ಕಿಂತ ಬಹಳ ಹೆಚ್ಚು. ಡಂಪಿಗೆ ಅದನ್ನು ಬಿಟ್ಟೆ.

ನಮ್ಮ ಕಡೆಯ ಬಾಧ್ಯತೆಗಳಿಗೂ ಒಂದು ರಿಜಿಸ್ಟರ್ ಇಟ್ಟೆವು: ಅಗೆಯಬೇಕಾದ ಮುಖವನ್ನು ಅವರಿಗೆ ಒಪ್ಪಿಸಿದ ದಿನ, ಬ್ಲಾಸ್ಟಿಂಗ್ ಆದ ಸಮಯ, ಡಂಪಿಗೆ ಕೊಟ್ಟ ಜಾಗ. ಯಂತ್ರಗಳು ಖಾಲಿ ನಿಂತವು ಎಂದು ಅವರು ಕೇಳಿದ ಕೋಟಿಗಟ್ಟಲೆ ಹಣ ಬಿದ್ದುಹೋದದ್ದು ಈ ರಿಜಿಸ್ಟರಿನಿಂದಲೇ. ಎಂಪಿಎಪಿ, ಅಂದರೆ ಗಣಿಗೆ ಅನುಮತಿಸಿದ ಗರಿಷ್ಠ ವಾರ್ಷಿಕ ಉತ್ಪಾದನೆಯ ಮಿತಿಯ ನೆಪವನ್ನೂ ಹೇಳಿದರು. ಆ ಮಿತಿ ಅದಿರಿಗೆ, ಮೇಲ್ಮಣ್ಣಿಗಲ್ಲ.

ಮೂವತ್ತು ದಿನಗಳಲ್ಲಿ ಸರಿಪಡಿಸಿಕೊಳ್ಳುವಂತೆ ನೋಟಿಸು, ಬಳಿಕ ರದ್ದತಿ, ಅದೇ ದಿನ ಒಂದೂಕಾಲು ಕೋಟಿಯ ಬ್ಯಾಂಕ್ ಗ್ಯಾರಂಟಿಯ ವಸೂಲಿ. ಆ ದಿನ ಯಾವ ಕಾಗದ ಯಾವುದಕ್ಕಿಂತ ಮೊದಲು ತಲುಪಿತು, ಯಂತ್ರಗಳು ಹೇಗೆ ಗೇಟು ದಾಟಿದವು ಎಂಬುದನ್ನು ನನ್ನಲ್ಲೇ ಇಟ್ಟುಕೊಳ್ಳುತ್ತೇನೆ. ಅವರು ಆರ್ಬಿಟ್ರೇಷನ್ ಕಾಯ್ದೆಯ 9ನೇ ಕಲಮಿನಡಿ ಕೋರ್ಟಿನಲ್ಲಿ ತಡೆಯಾಜ್ಞೆ ಕೇಳಿದರು, ಸಿಗಲಿಲ್ಲ; ಷರತ್ತಿಲ್ಲದ ಗ್ಯಾರಂಟಿಯನ್ನು ತಡೆಯಬೇಕಾದರೆ ಘೋರ ವಂಚನೆಯನ್ನೋ ತುಂಬಲಾಗದ ಹಾನಿಯನ್ನೋ ತೋರಿಸಬೇಕು.

ಪರಿಹಾರದ ಲೆಕ್ಕಕ್ಕೆ ಕರಾರಿನ ದಂಡದ ಮೊತ್ತವನ್ನು ನೆಚ್ಚಿಕೊಳ್ಳಲಿಲ್ಲ. ನಿಜವಾದ ನಷ್ಟ ಇರಬೇಕೆಂದು ಕೈಲಾಶ್‌ನಾಥ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು 2015ರಲ್ಲೇ ಹೇಳಿದೆ. ಹಳೆಯ ದರ ಘನ ಮೀಟರಿಗೆ ನೂರಹತ್ತು ರೂಪಾಯಿ, ಮರುಟೆಂಡರಿನಲ್ಲಿ ನೂರಿಪ್ಪತ್ತೆಂಟರ ಹತ್ತಿರ; ಉಳಿದಿದ್ದ ಇಪ್ಪತ್ತು ಲಕ್ಷ ಘನ ಮೀಟರಿಗೆ ಈ ಅಂತರವನ್ನು ಕೇಳಿದೆವು. ಕೇಳಿದ್ದು ಮೂರೂವರೆ ಕೋಟಿಯ ಮೇಲೆ, ಸಿಕ್ಕಿದ್ದು ಎರಡು ಕೋಟಿಯಷ್ಟು, ಖರ್ಚು ಸುಮಾರು ಮೂವತ್ತೈದು ಲಕ್ಷ. ಗ್ಯಾರಂಟಿಯ ಹಣ ಕಳೆದು ಉಳಿದದ್ದನ್ನು ಅವರು ಕೋರ್ಟಿನಲ್ಲಿ ಠೇವಣಿ ಇಟ್ಟಿದ್ದಾರೆ. ಆರ್ಬಿಟ್ರೇಟರ ತೀರ್ಪನ್ನು ರದ್ದುಪಡಿಸುವಂತೆ ಅದೇ ಕಾಯ್ದೆಯ 34ನೇ ಕಲಮಿನಡಿ ಅವರು ಹಾಕಿದ ಅರ್ಜಿ ಇನ್ನೂ ವಿಚಾರಣೆಯಲ್ಲಿದೆ.