ಗರಿಕೆ ಕೀಳಲು ಹೋಗಿ ಸಿಕ್ಕಿದ ಗೊಣ್ಣೆ ಹುಳು

ಹೋದ ವರ್ಷ ಗಣೇಶನ ಹಬ್ಬದ ಬೆಳಿಗ್ಗೆ ಅಮ್ಮ "21 ಗರಿಕೆ ಕಿತ್ಕೊಂಡು ಬಾ" ಅಂದರು. ಮೈಸೂರಿನ ನಮ್ಮ ಮನೆ ಮುಂದೆ ಇರುವ ಲಾನ್ ಗರಿಕೆ ಜಾತಿಯದೇ. ನರ್ಸರಿಯವರು ಬರ್ಮುಡಾ ಅಂತ ಹೆಸರಿಟ್ಟು ಮಾರುತ್ತಾರೆ, ಅಷ್ಟೇ. ಒಂದು ಎಳೆ ಹಿಡಿದು ಎಳೆದೆ, ಅಂಗೈ ಅಗಲದ ಹುಲ್ಲು ಚಾಪೆ ಥರ ಎದ್ದು ಬಂತು. ಕೆಳಗೆ ಬೇರೇ ಇಲ್ಲ. ಮಣ್ಣಿನಲ್ಲಿ ಬೆಳ್ಳಗೆ ಕೊಬ್ಬಿದ, ಕಂದು ತಲೆಯ ಮೂರು ಹುಳು ಮುದುಡಿಕೊಂಡು ಮಲಗಿದ್ದವು.

ಒಂದು ತಿಂಗಳಿಂದ ಹುಲ್ಲು ಅಲ್ಲಲ್ಲಿ ಹಳದಿಯಾಗುತ್ತಿತ್ತು. ನೀರು ಸಾಲಲಿಲ್ಲ ಅಂದುಕೊಂಡು ದಿನಾ ಪೈಪ್ ಹಿಡಿದೆ, ಆಮೇಲೆ ಯೂರಿಯಾನೂ ಹಾಕಿದೆ. ಬೇರೇ ಇಲ್ಲದ ಹುಲ್ಲಿಗೆ ಯೂರಿಯಾ! ಇನ್ನೂ ತಮಾಷೆ ಅಂದ್ರೆ, ಗೊರವಂಕಗಳು ಗುಂಪಾಗಿ ಬಂದು ಹುಲ್ಲು ಕೆದಕುತ್ತಿದ್ದವು. ಲಾನ್ ಹಾಳು ಮಾಡ್ತಿವೆ ಅಂತ ಅವನ್ನೂ ಓಡಿಸಿದ್ದೆ.

ಹಬ್ಬದ ಊಟಕ್ಕೆ ಪಾಂಡವಪುರದಿಂದ ಭಾವ ಬಂದಿದ್ದರು, ಕಬ್ಬು ಬೆಳೆಯುವವರು. ಹುಳು ನೋಡಿದ ಕೂಡಲೇ "ಗೊಣ್ಣೆ ಹುಳು ಕಣಪ್ಪ, ನಮ್ಮ ಕಬ್ಬು ಸಾಕಾಗಲಿಲ್ಲ ಅಂತ ನಿಮ್ಮನೆಗೂ ಬಂದಿದೆ" ಅಂದರು. ಪೂರ್ತಿ ಒಣಗಿದ ಕಡೆ ಅಗೆಯಬೇಡ, ಹಸಿರೂ ಹಳದಿಯೂ ಸೇರುವ ಅಂಚಿನಲ್ಲಿ ಅಗಿ, ತಿಂದು ಮುಗಿಸಿದ ಜಾಗ ಬಿಟ್ಟು ಅವು ಮುಂದಕ್ಕೆ ಹೋಗಿರುತ್ತವೆ ಅಂದರು. ಒಂದಡಿ ಉದ್ದ, ಒಂದಡಿ ಅಗಲ, ಗೇಣುದ್ದ ಆಳ ಅಗೆದೆವು. 14 ಹುಳು.

ಅಂಗಡಿಯವರು ಕೊಟ್ಟ ಪುಡಿ ಎರಚಿದೆ. ಒಣ ಹುಲ್ಲಿನ ಮೇಲೇ ಉಳಿಯಿತು, ಬೇರಿನ ತನಕ ಇಳಿಯಲೇ ಇಲ್ಲ. ಮರುದಿನ ಜಾಸ್ತಿ ನೀರು ಬಿಟ್ಟರೆ ಎರೆಹುಳ ಸತ್ತು ಮೇಲೆ ಬಂದವು, ಗೊಣ್ಣೆಗಳು ಆರಾಮವಾಗಿದ್ದವು. ಅಷ್ಟು ಬಲಿತ ಮೇಲೆ ಔಷಧಿಗೆ ಸುಲಭಕ್ಕೆ ಬಗ್ಗುವುದಿಲ್ಲ. ಕೊನೆಗೆ ಸತ್ತ ಹುಲ್ಲನ್ನೆಲ್ಲ ಎತ್ತಿ, ಕೈಯಲ್ಲೇ ಆರಿಸಿ, ಗೊರವಂಕಗಳಿಗೇ ಹಾಕಿದೆ.

ನಿಜವಾದ ಕೆಲಸ ಶುರುವಾಗಿದ್ದು ಈ ವರ್ಷ ಏಪ್ರಿಲ್‌ನ ಮೊದಲ ಜೋರು ಮಳೆಗೆ. ಮಣ್ಣಿನೊಳಗೆ ಕಾಯುತ್ತಾ ಕೂತ ಕಂದು ದುಂಬಿಗಳು ಆ ಮಳೆ ಬಿದ್ದ ಮೇಲೆ ಮುಸ್ಸಂಜೆಗೆ ಎದ್ದು ಬೇವಿನ ಮರಕ್ಕೆ ಹಾರುತ್ತವೆ, ಎಲೆ ತಿಂದು, ಜೋಡಿಯಾಗಿ, ಬೆಳಗಾಗುವ ಮುಂಚೆ ಮತ್ತೆ ಮಣ್ಣಿಗೆ ಇಳಿಯುತ್ತವೆ. ಮೊಟ್ಟೆ ಇಡುವುದೂ ಮಣ್ಣಲ್ಲೇ, ಅದರಿಂದ ಹೊರಬರುವ ಮರಿಗಳೇ ಗೊಣ್ಣೆ ಹುಳು. ನಮ್ಮ ಗೇಟಿನ ಪಕ್ಕ ಬೇವಿನ ಮರ ಇದೆ. ಏಳೂವರೆಗೆ ಕೆಳಗೆ ಹಳೇ ಬೆಡ್‌ಶೀಟ್ ಹಾಸಿ ಗಳದಿಂದ ಕೊಂಬೆ ಅಲ್ಲಾಡಿಸಿದರೆ ಟಪಟಪ ಅಂತ ಉದುರಿದವು, ಹುರಿದ ಕಡಲೆಕಾಯಿ ಬೀಜ ಚೆಲ್ಲಿದ ಹಾಗೆ. ಎಲ್ಲಾ ಸೋಪು ನೀರಿನ ಬಕೆಟ್‌ಗೆ. ಹತ್ತು ದಿನ ಹೀಗೇ ಮಾಡಿದೆ, ವರಾಂಡದ ಲೈಟು ಹಾಕಲೇ ಇಲ್ಲ. ಎದುರುಮನೆಯ ಅಜ್ಜಿ "ರಾತ್ರಿ ಹೊತ್ತು ಮರ ಯಾಕೆ ಬಡೀತೀಯಪ್ಪಾ" ಅಂತ ಕೇಳಿದ್ದರು, ಬಕೆಟ್ ತೋರಿಸಿದ ಮೇಲೆ ಸುಮ್ಮನಾದರು.

ಹಿಂದೆಲ್ಲ ಹಸಿ ಕೊಟ್ಟಿಗೆ ಗೊಬ್ಬರ ತಂದು ಸುರಿಯುತ್ತಿದ್ದೆ, ಅದನ್ನು ನಿಲ್ಲಿಸಿದೆ. ಜೂನ್ ಕೊನೆಗೆ, ಮರಿಗಳು ಇನ್ನೂ ಚಿಕ್ಕದಿರುವಾಗ, ಭಾವ ತಂದುಕೊಟ್ಟ, ಹುಳುಗಳಿಗೆ ರೋಗ ತಂದು ಕೊಲ್ಲುವ ಮೆಟರೈಜಿಯಂ ಶಿಲೀಂಧ್ರದ ಪುಡಿ 1 ಕೆಜಿಯನ್ನು 50 ಕೆಜಿ ಚೆನ್ನಾಗಿ ಕಳಿತ ಗೊಬ್ಬರಕ್ಕೆ ಬೆರೆಸಿದೆ. ಒಂದು ವಾರ ನೆರಳಲ್ಲಿ ತೇವ ಆರದ ಹಾಗೆ ಗೋಣಿಚೀಲ ಮುಚ್ಚಿಟ್ಟು, ಮಳೆ ಬಿದ್ದ ಸಂಜೆ ಲಾನಿಗೆ ಹರಡಿದೆ. ಬಿಸಿಲಲ್ಲಿ, ಒಣ ಮಣ್ಣಿಗೆ ಹಾಕಿದರೆ ದಂಡ. ಶಿಲೀಂಧ್ರನಾಶಕವನ್ನೂ ಜೊತೆಗೆ ಸೇರಿಸಬಾರದು. ಇದು ತಕ್ಷಣ ಕೊಲ್ಲುವ ಔಷಧಿಯಲ್ಲ, ವಾರಗಟ್ಟಲೆ ಕಾಯಬೇಕು.

ಹಬ್ಬದ ಹೊತ್ತಿಗೆ ಮತ್ತೆ ಒಂದಡಿ ಅಗೆದೆ. ಸಿಕ್ಕಿದ್ದು ಎರಡು. ಅದರಲ್ಲಿ ಒಂದು ಕಡ್ಡಿಯ ಹಾಗೆ ಸೆಟೆದು, ಮೈಮೇಲೆಲ್ಲ ಹಸಿರು ಬೂಸ್ಟು ಹಿಡಿದು ಸತ್ತಿತ್ತು. ಫೋಟೋ ತೆಗೆದು ಭಾವನಿಗೆ ಕಳಿಸಿದೆ.

ಗೇಟಿನ ಹತ್ತಿರ ಒಂದು ದುಂಡನೆಯ ಹಳದಿ ಕಲೆ ಮಾತ್ರ ಹಾಗೇ ಇದೆ, ಅಂಚಿನಲ್ಲಿ ಹುಲ್ಲು ಕಡುಹಸಿರು. ಎಳೆದು ನೋಡಿದೆ, ಬೇರು ಗಟ್ಟಿಯಾಗಿದೆ, ಹುಳು ಒಂದೂ ಇಲ್ಲ. ಅದು ಬೀದಿ ನಾಯಿ ದಿನಾ ಬಂದು ಕಾಲೆತ್ತುವ ಜಾಗ.