ಕಿರ್ರೋ, ಟಕಟಕವೋ? ಕಾರಿನ ಕಿಟಕಿ ಬೀಡಿಂಗ್ ಸದ್ದು ನಿಲ್ಲಿಸುವ ಬಗೆ

ಹಂಪ್ ಮೇಲೆ ಕಾರು ಓರೆಯಾಗಿ ಹತ್ತಿದಾಗ ಬಾಗಿಲ ಕಡೆಯಿಂದ ‘ಕಿರ್ರ್’ ಎನ್ನುವುದು ಒಂದು ಜಾತಿಯ ಸದ್ದು. ಕಿತ್ತುಹೋದ ಟಾರಿನ ಮೇಲೆ ‘ಟಕಟಕ’ ಎನ್ನುವುದು ಬೇರೆಯೇ ಜಾತಿ. ಮೊದಲನೆಯದು ಉಜ್ಜಾಟದ ಸದ್ದು: ಒಣಗಿದ ರಬ್ಬರು ಪೇಂಟಿಗೋ ಗಾಜಿಗೋ ಕಚ್ಚಿಕೊಳ್ಳುತ್ತದೆ, ಬಾಡಿ ತುಸು ತಿರುಚಿದೊಡನೆ ಬಿಟ್ಟು ಜಾರುತ್ತದೆ, ಮತ್ತೆ ಕಚ್ಚುತ್ತದೆ. ಎರಡನೆಯದು ಸಡಿಲದ ಸದ್ದು: ಎರಡು ವಸ್ತುಗಳ ನಡುವೆ ಸಂದು ಬಿದ್ದು ಒಂದಕ್ಕೊಂದು ಬಡಿಯುತ್ತವೆ. ಉಜ್ಜಾಟಕ್ಕೆ ಶುಚಿ ಮತ್ತು ಗ್ರೀಸು, ಸಡಿಲಕ್ಕೆ ಬಿಗಿತ ಅಥವಾ ಮೆತ್ತೆ. ಟಕಟಕಕ್ಕೆ ಗ್ರೀಸು ಹಚ್ಚಿದರೆ ಗ್ರೀಸು ದಂಡ. ಕಿರ್ರ್‌ಗೆ ಫೋಮ್ ತುರುಕಿದರೆ ಒತ್ತಡ ಹೆಚ್ಚಿ ಸದ್ದು ಇನ್ನೂ ಜೋರಾಗುತ್ತದೆ.

ಆದ್ದರಿಂದ ಅರ್ಧ ಕೆಲಸ ಜಾಗ ಹುಡುಕುವುದೇ. ಅಪಾರ್ಟ್‌ಮೆಂಟಿನ ಬೇಸ್‌ಮೆಂಟ್ ಇದಕ್ಕೆ ಒಳ್ಳೆಯ ಜಾಗ, ಹೊರಗಿನ ಗಲಾಟೆ ಇರುವುದಿಲ್ಲ. ಎಸಿ, ಫ್ಯಾನ್, ಆಡಿಯೋ ಎಲ್ಲ ಆಫ್ ಮಾಡಿ, ನಡಿಗೆಯ ವೇಗದಲ್ಲಿ ಹಂಪನ್ನು ಓರೆಯಾಗಿ, ಒಂದೊಂದೇ ಚಕ್ರ ಹತ್ತುವಂತೆ ದಾಟಬೇಕು. ಓಡಿಸುವವರು ಒಬ್ಬರು, ಹಿಂದಿನ ಸೀಟಿನಲ್ಲಿ ಕುಳಿತು ಕೇಳುವವರು ಇನ್ನೊಬ್ಬರು. ಮೊದಲ ಸುತ್ತು ಗಾಜು ಪೂರ್ತಿ ಮೇಲೆ, ಎರಡನೆಯದು ಒಂದು ಇಂಚು ಇಳಿಸಿ, ಮೂರನೆಯದು ಅರ್ಧ ಇಳಿಸಿ, ನಾಲ್ಕನೆಯದು ಪೂರ್ತಿ ಇಳಿಸಿ. ಒಂದು ಇಂಚು ಇಳಿಸಿದೊಡನೆ ಕಿರ್ರ್ ನಿಂತರೆ ತಪ್ಪು ಗಾಜು ಜಾರುವ ಚಾನೆಲ್ಲಿನದು. ಗಾಜು ಎಲ್ಲಿದ್ದರೂ ಸದ್ದು ಹಾಗೇ ಇದ್ದರೆ ಬಾಗಿಲ ಸುತ್ತಲಿನ ರಬ್ಬರು ಪಟ್ಟಿಯನ್ನು, ಅಂದರೆ ಬೀಡಿಂಗನ್ನು ನೋಡಬೇಕು. ಅರ್ಧ ಇಳಿಸಿದಾಗ ಟಕಟಕ ಹೆಚ್ಚಿದರೆ ಗಾಜು ಆಡುತ್ತಿದೆ. ಪೂರ್ತಿ ಇಳಿದ ಮೇಲೂ ಬಾಗಿಲೊಳಗೇ ಬಡಿದರೆ ವೈರಿಂಗ್, ಲಾಕಿನ ರಾಡು, ಇಲ್ಲವೇ ಗಾಜನ್ನು ಏರಿಸಿ ಇಳಿಸುವ ರೆಗ್ಯುಲೇಟರಿನ ಬೋಲ್ಟು.

ಬೀಡಿಂಗ್ ಮೇಲೆ ಅನುಮಾನ ಇದ್ದರೆ ಇನ್ನೊಂದು ಸುಲಭ ಪರೀಕ್ಷೆ ಇದೆ. ಬೀಡಿಂಗ್ ತಾಗುವ ಬಾಡಿಯ ಅಂಚಿಗೆ ಸುತ್ತಲೂ ಮಾಸ್ಕಿಂಗ್ ಟೇಪ್ ಅಂಟಿಸಿ ಒಂದು ಸುತ್ತು ಹೋಗಿಬನ್ನಿ. ಸದ್ದು ಹೋದರೆ ಗಂಟು ಬಿಚ್ಚಿದಂತೆ. ಆಮೇಲೆ ಟೇಪನ್ನು ತುಂಡು ತುಂಡಾಗಿ ತೆಗೆಯುತ್ತ ಬಂದರೆ ಸರಿಯಾದ ಅರ್ಧ ಅಡಿಯೇ ಸಿಗುತ್ತದೆ. ಬಹಳ ಸಲ ಅದು ಮೇಲಿನ ಮೂಲೆ, ಇಲ್ಲವೇ ಲಾಕಿನ ಹತ್ತಿರ. ಮಳೆ ಬಂದ ದಿನ ಮಾಯವಾಗಿ, ಎರಡು ದಿನ ಬಿಸಿಲು ಬಿದ್ದಮೇಲೆ ಮರಳಿ ಬರುವ ಸದ್ದೂ ಬೀಡಿಂಗಿನದೇ. ನೀರು ಅಷ್ಟು ಹೊತ್ತು ಎಣ್ಣೆಯ ಕೆಲಸ ಮಾಡಿರುತ್ತದೆ.

ಬೆಂಗಳೂರಿನಲ್ಲಿ ಬೀಡಿಂಗಿಗೆ ದೊಡ್ಡ ಶತ್ರು ಧೂಳು. ಹೊರ ವರ್ತುಲ ರಸ್ತೆಯ ಮೆಟ್ರೊ ಕಾಮಗಾರಿಯ ಪಕ್ಕದಲ್ಲಿ ದಿನಾ ಓಡುವ ಕಾರಿನ ಬೀಡಿಂಗ್ ಒರೆಸಿದರೆ ಬಿಳಿ ಬಟ್ಟೆ ಸಿಮೆಂಟ್ ಬಣ್ಣಕ್ಕೆ ತಿರುಗುತ್ತದೆ. ಧೂಳಿನ ಮೇಲೆ ಗ್ರೀಸು ಹಚ್ಚಿದರೆ ಅದು ಉಪ್ಪುಕಾಗದದಂತೆ ಪೇಂಟನ್ನು ತಿನ್ನುತ್ತದೆ. ಒಂದು ಲೀಟರ್ ನೀರಿಗೆ ಒಂದು ಟೀ ಚಮಚ ಕಾರ್ ಶಾಂಪೂ ಬೆರೆಸಿ ಮೈಕ್ರೋಫೈಬರ್ ಬಟ್ಟೆಯಿಂದ ಬೀಡಿಂಗನ್ನೂ ಅದು ಕೂರುವ ಪೇಂಟಿನ ಅಂಚನ್ನೂ ಒರೆಸಿ. ಎರಡನೆಯದನ್ನು ಬಹಳ ಜನ ಮರೆಯುತ್ತಾರೆ, ವಾರದಲ್ಲೇ ಸದ್ದು ವಾಪಸು ಬರುತ್ತದೆ. ಬರಿ ನೀರಿನಲ್ಲಿ ಮತ್ತೊಮ್ಮೆ ಒರೆಸಿ, ಬಾಗಿಲು ತೆರೆದಿಟ್ಟು ಪೂರ್ತಿ ಒಣಗಿಸಿ. ಪೆಟ್ರೋಲು, ಥಿನ್ನರ್ ಹತ್ತಿರ ತರಬೇಡಿ.

ಹಚ್ಚಬೇಕಾದ್ದು ಅಪ್ಪಟ ಸಿಲಿಕೋನ್ ಗ್ರೀಸು. ಬಾಗಿಲ ಬೀಡಿಂಗ್ ಸಾಮಾನ್ಯವಾಗಿ ಇಪಿಡಿಎಂ ಎಂಬ ರಬ್ಬರು; ಪೆಟ್ರೋಲಿಯಂ ಎಣ್ಣೆ ತಾಗಿದರೆ ಅದು ಉಬ್ಬಿ ಮೆತ್ತಗಾಗುತ್ತದೆ. ಹಾಗಾಗಿ ಎಂಜಿನ್ ಆಯಿಲ್, ವ್ಯಾಸಲಿನ್, ಚಾಸಿ ಗ್ರೀಸು ಯಾವುದೂ ಬೇಡ. ಕೊಬ್ಬರಿ ಎಣ್ಣೆ ಹಚ್ಚುವವರೂ ಇದ್ದಾರೆ. ಅದು 24 ಡಿಗ್ರಿಯ ಆಸುಪಾಸಿನಲ್ಲೇ ಹೆಪ್ಪುಗಟ್ಟುತ್ತದೆ, ಅಂದರೆ ನಮ್ಮೂರಿನ ಎಷ್ಟೋ ಬೆಳಿಗ್ಗೆಗಳಲ್ಲಿ ಅದು ಮೇಣ, ಮಧ್ಯಾಹ್ನ ಧೂಳು ಹಿಡಿಯುವ ಅಂಟು. ಸಿಲಿಕೋನ್ ಗ್ರೀಸು ಒಂದು ಬಾಗಿಲಿಗೆ ಎರಡು ಬಟಾಣಿಯಷ್ಟು ಸಾಕು. ಬೆರಳಿನಿಂದ ತೆಳ್ಳಗೆ ತಿಕ್ಕಿ, ಅರ್ಧ ಗಂಟೆ ಬಿಟ್ಟು, ಒಣ ಬಟ್ಟೆಯಿಂದ ಮಿಕ್ಕಿದ್ದನ್ನು ಎತ್ತಿಬಿಡಿ. ಕೈಗೆ ಜಿಡ್ಡು ಹತ್ತಬಾರದು, ರಬ್ಬರು ಮಾತ್ರ ಕಪ್ಪಗೆ ಮಿಂಚಬೇಕು.

ಗಾಜು ಜಾರುವ ಚಾನೆಲ್ಲಿಗೆ ಮಾತ್ರ ಈ ಗ್ರೀಸು ಬೇಡ. ಒಳಗೆ ಮಖಮಲ್ಲಿನಂಥ ನವಿರು ಎಳೆಗಳಿರುತ್ತವೆ. ಗ್ರೀಸು ಅದನ್ನು ಕೆಸರು ಮಾಡಿ ಗಾಜಿನ ಮೇಲೆ ಪೊರೆ ಬಿಡುತ್ತದೆ. ಗಾಜು ಪೂರ್ತಿ ಇಳಿಸಿ, ಪ್ಲಾಸ್ಟಿಕ್ ಸ್ಕೇಲಿಗೆ ಒದ್ದೆ ಬಟ್ಟೆ ಸುತ್ತಿ ಚಾನೆಲ್ಲಿನೊಳಗೆ ಮೇಲಿಂದ ಕೆಳಗೆ ಎಳೆಯಿರಿ, ಬಟ್ಟೆ ಸ್ವಚ್ಛವಾಗಿ ಬರುವ ತನಕ. ಎಂಟು ಹತ್ತು ಸಲ ಆಗಬಹುದು. ಚಾನೆಲ್ ಒಣಗಿದ ಮೇಲೆ ಪಿಟಿಎಫ್ಇ (ಟೆಫ್ಲಾನ್) ಡ್ರೈ ಸ್ಪ್ರೇಯ ಕೊಳವೆ ಒಳಗಿಟ್ಟು ಮುಂದಿನ ಮತ್ತು ಹಿಂದಿನ ಚಾನೆಲ್ಲಿಗೆ ಎರಡೆರಡು ಸಣ್ಣ ಪುಸ್ ಸಾಕು. ಹತ್ತು ನಿಮಿಷ ಬಿಟ್ಟು ಗಾಜನ್ನು ಐದಾರು ಸಲ ಏರಿಸಿ ಇಳಿಸಿ, ನಡುವೆ ಬಿಡುವು ಕೊಡುತ್ತ. ಒಂದೇ ಸಮ ಆಡಿಸಿದರೆ ಮೋಟಾರ್ ಬಿಸಿಯಾಗಿ ತಾನಾಗಿ ನಿಲ್ಲಬಹುದು, ಕೆಟ್ಟಿತೆಂದು ಗಾಬರಿ ಬೇಡ, ಆರಿದ ಮೇಲೆ ಓಡುತ್ತದೆ.

ಇನ್ನು ಟಕಟಕ. ಇದಕ್ಕೆ ಬಾಗಿಲ ಒಳಮೈಯ ಹೊದಿಕೆ, ಅಂದರೆ ಡೋರ್ ಪ್ಯಾಡ್ ತೆಗೆಯಬೇಕು. ಪ್ಯಾಡ್ ಕ್ಲಿಪ್ಪುಗಳನ್ನು ಜೆ.ಸಿ. ರಸ್ತೆಯ ಅಂಗಡಿಗಳಿಂದ ಮೊದಲೇ ಬಾಗಿಲಿಗೆ ನಾಲ್ಕೈದು ಹೆಚ್ಚುವರಿ ತಂದಿಟ್ಟುಕೊಳ್ಳಿ; ಹಳೆಯ ಕ್ಲಿಪ್ಪಿನಲ್ಲಿ ಒಂದೆರಡು ಮುರಿಯುವುದು ಖಚಿತ, ಮುರಿದದ್ದನ್ನು ಹಾಗೇ ಹಾಕಿದರೆ ಹೊಸ ಸದ್ದು ಹುಟ್ಟುತ್ತದೆ. ಜನವರಿಯ ಬೆಳಿಗ್ಗೆ ಪ್ಲಾಸ್ಟಿಕ್ ಗಡುಸಾಗಿರುತ್ತದೆ, ಕಾರನ್ನು ಒಂದು ಗಂಟೆ ಬಿಸಿಲಿಗಿಟ್ಟು ಶುರುಮಾಡಿ. ಬ್ಯಾಟರಿಯ ನೆಗೆಟಿವ್ ಕಳಚಿ ಕೆಲವು ನಿಮಿಷ ಕಾಯಿರಿ. ಏಕೆಂದರೆ ಕೆಲವು ಕಾರುಗಳಲ್ಲಿ ಸೈಡ್ ಏರ್‌ಬ್ಯಾಗಿನ ಒತ್ತಡ ಸೆನ್ಸರ್ ಬಾಗಿಲೊಳಗೇ ಇರುತ್ತದೆ.

ಒಳಗೆ ಕಾಣುವ ಪ್ಲಾಸ್ಟಿಕ್ ಹಾಳೆಯನ್ನು ಹರಿಯದೆ, ಕಪ್ಪು ಬ್ಯುಟೈಲ್ ಅಂಟಿನ ಗುಂಟ ನಿಧಾನ ಬಿಡಿಸಿ. ವೈರಿಂಗ್ ಲೋಹಕ್ಕೆ ತಾಗುವ ಕಡೆ ಬಟ್ಟೆಯ ವೈರಿಂಗ್ ಟೇಪ್ ಸುತ್ತಿ. ಲಾಕಿನ ರಾಡಿನ ಪ್ಲಾಸ್ಟಿಕ್ ಹಿಡಿಗಳನ್ನು ಬೆರಳಿನಿಂದ ಅಲುಗಿಸಿ ನೋಡಿ. ಗಾಜನ್ನು ರೆಗ್ಯುಲೇಟರಿಗೆ ಹಿಡಿದ ಬೋಲ್ಟು (ಸಾಮಾನ್ಯವಾಗಿ 10 ಎಂಎಂ ಸ್ಪ್ಯಾನರಿನದು) ಸಡಿಲವಿದ್ದರೆ ಹಾಗೇ ಬಿಗಿಯಬೇಡಿ. ಬ್ಯಾಟರಿಯನ್ನೂ ಸ್ವಿಚ್ಚನ್ನೂ ತಾತ್ಕಾಲಿಕವಾಗಿ ಜೋಡಿಸಿ, ಗಾಜನ್ನು ಕೈಯಿಂದ ಹಿಡಿದುಕೊಂಡೇ ಬೋಲ್ಟಿಗೆ ಕೈ ಎಟಕುವಷ್ಟು ಮೇಲೆ ತನ್ನಿ. ಗಾಜು ಎರಡೂ ಚಾನೆಲ್ಲಿನಲ್ಲಿ ತಾನಾಗಿ ಕೂತ ಮೇಲೆ ಬಿಗಿಯಿರಿ. ಓರೆಯಾಗಿ ಬಿಗಿದ ಗಾಜು ಒಂದು ಬದಿ ಉಜ್ಜಿ, ಇನ್ನೊಂದು ಬದಿ ಬಡಿಯುತ್ತದೆ. ಬೋಲ್ಟು ಸಣ್ಣದು, ಮೈಬಲ ಹಾಕಿದರೆ ಗಾಜೇ ಸೀಳಬಹುದು.

ಮುಚ್ಚುವ ಮುನ್ನ ಬಾಗಿಲ ಅಡಿಯ ನೀರುಕಿಂಡಿಗಳನ್ನು ಕಡ್ಡಿಯಿಂದ ಬಿಡಿಸಿ. ಸದ್ದು ತಡೆಯುವ ಶೀಟು ಅಂಟಿಸುವುದಾದರೂ ಆ ಕಿಂಡಿಗಳನ್ನು ಮುಚ್ಚಬಾರದು, ಒಳಗೆ ನೀರು ನಿಂತು ತುಕ್ಕು ಹಿಡಿಯುತ್ತದೆ. ಹಾಳೆಯನ್ನು ಹಳೆಯ ಅಂಟಿನ ಮೇಲೇ ಗಟ್ಟಿಯಾಗಿ ಒತ್ತಿ, ಅಂಟು ಒಣಗಿದ್ದರೆ ಹೊಸ ಬ್ಯುಟೈಲ್ ಟೇಪ್ ಹಾಕಿ. ಇಲ್ಲಿ ಸಂದು ಬಿಟ್ಟರೆ ಮೊದಲ ದೊಡ್ಡ ಮಳೆಗೆ ಕಾಲಡಿಯ ಕಾರ್ಪೆಟ್ ನೆನೆಯುತ್ತದೆ.

ಎಲ್ಲ ಆದಮೇಲೂ ಬಾಗಿಲೇ ಅಲುಗಿದರೆ ಕಾಗದದ ಪಟ್ಟಿಯೊಂದನ್ನು ಬೀಡಿಂಗಿಗೆ ಸಿಕ್ಕಿಸಿ ಬಾಗಿಲು ಹಾಕಿ ಎಳೆಯಿರಿ. ತಡೆಯಿಲ್ಲದೆ ಜಾರಿ ಬಂದರೆ ಬಾಗಿಲ ಲಾಕು ಕಚ್ಚಿಕೊಳ್ಳುವ ಬಾಡಿಯ ಕೊಂಡಿಯ, ಅಂದರೆ ಸ್ಟ್ರೈಕರಿನ, ಈಗಿನ ಜಾಗವನ್ನು ಪೆನ್ಸಿಲ್ಲಿನಿಂದ ಗುರುತುಮಾಡಿ, ಸ್ಕ್ರೂ ಸಡಿಲಿಸಿ, ಒಂದು ಎಂಎಂ ಒಳಕ್ಕೆ ಸರಿಸಿ. ಬೀಡಿಂಗ್ ಚಪ್ಪಟೆಯಾಗಿ, ಒತ್ತಿದರೆ ಮೇಲೇಳದಷ್ಟು ಸತ್ತಿದ್ದರೆ ಮಾತ್ರ ಹೊಸದು ತನ್ನಿ.

ಗ್ರೀಸನ್ನು ವರ್ಷಕ್ಕೆ ಎರಡು ಸಲ, ಮೇ ಕೊನೆಯಲ್ಲಿ ಮತ್ತು ನವೆಂಬರಿನಲ್ಲಿ, ಹಚ್ಚಿದರೆ ಸಾಕು. ಬಾಗಿಲನ್ನು ಪೇಂಟಿಗೆ ಕೊಡುವುದಿದ್ದರೆ ಸಿಲಿಕೋನ್ ಬಳಸಿದ್ದನ್ನು ಪೇಂಟರಿಗೆ ಮೊದಲೇ ಹೇಳಿ. ಅದರ ಲೇಶ ಉಳಿದರೂ ಹೊಸ ಬಣ್ಣದಲ್ಲಿ ಸಣ್ಣ ಸಣ್ಣ ಗುಳಿಗಳು ಏಳುತ್ತವೆ.